ಗುಬ್ಬಿಯ ವೈರಸ್ಸು, ಭಾವನ ಕುತ್ತಿಗೆ

ವೈರಸ್ ಎಂದರೆ ಯಾರಾದರೂ ಮಾರುದೂರ ಸರಿದು ನಿಲ್ಲುತ್ತಾರೆ. ಗುಬ್ಬಿಗೆ ಮಾತ್ರ ಅದೇ ಹೊಟ್ಟೆಪಾಡು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟಗಿದ್ದಳೆಂದು ಮನೆಯವರು ಇಟ್ಟ ಹೆಸರು ಅದು. ನಲವತ್ತು ದಾಟಿ, ಮೂಗಿನ ಮೇಲೆ ಕನ್ನಡಕ ಬಂದು, ಕೈಕೆಳಗೆ ನಾಲ್ಕು ಜನ ಕೆಲಸ ಮಾಡುವಂತಾದರೂ ಹೆಸರು ಅಂಟಿಕೊಂಡೇ ಉಳಿಯಿತು. ದೊಡ್ಡ ಆಸ್ಪತ್ರೆಯೊಂದರ ಹಿಂಬದಿಯ ಕಟ್ಟಡದಲ್ಲಿ, ಕಿಟಕಿಗಳೇ ತೆರೆಯದ ಒಂದು ಮಹಡಿಯಲ್ಲಿ, ಅವಳ ಪ್ರಯೋಗಾಲಯವಿತ್ತು.

ಅವಳ ಕೆಲಸ ಇದು: ನೆಗಡಿ ತರುವ ಒಂದು ಸಾಧಾರಣ ವೈರಸ್ಸನ್ನು ತೆಗೆದುಕೊಂಡು, ಅದು ಮೈಯಲ್ಲಿ ಹೆಚ್ಚಿಕೊಳ್ಳದಂತೆ ಅದರ ಕೆಲವು ಜೀನ್‌ಗಳನ್ನು ಕಿತ್ತುಹಾಕಿ, ಆ ಜಾಗದಲ್ಲಿ ಬೇರೊಂದು ಜೀನ್ ಕೂರಿಸಿ, ಕ್ಯಾನ್ಸರ್ ಜೀವಕೋಶದೊಳಕ್ಕೆ ಕಳಿಸುವುದು. ಆ ಜೀನ್ ಒಳಹೊಕ್ಕ ಕೋಶ, ರೋಗಿ ನುಂಗುವ ಒಂದು ನಿರುಪದ್ರವಿ ಮಾತ್ರೆಯನ್ನು ತನ್ನೊಳಗೇ ವಿಷ ಮಾಡಿಕೊಂಡು ಸಾಯುತ್ತದೆ. ಸಾಯುವಾಗ ಅಕ್ಕಪಕ್ಕದ ಕೋಶಗಳನ್ನೂ ಜೊತೆಗೆ ಕರೆದೊಯ್ಯುತ್ತದೆ. ಹೇಳುವುದಕ್ಕೆ ಸಲೀಸು. ಆದರೆ ವೈರಸ್ಸಿಗೆ ದಾರಿ ಗೊತ್ತಾಗಬೇಕಲ್ಲ. ಇಲಿಯ ರಕ್ತಕ್ಕೆ ಬಿಟ್ಟರೆ ಸಾಕು, ಗಡ್ಡೆಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಯಕೃತ್ತಿಗೆ ಹೋಗಿ, ತವರಿಗೆ ಬಂದಂತೆ ಆರಾಮಾಗಿ ಕೂತುಬಿಡುತ್ತಿತ್ತು.

ಆ ಚಾಳಿ ಬಿಡಿಸುವುದರಲ್ಲೇ ಗುಬ್ಬಿಯ ಅರ್ಧ ಆಯಸ್ಸು ಸವೆದಿತ್ತು. ಆ ವೈರಸ್ಸಿನ ಮೈತುಂಬ ಕಡ್ಡಿಗಳು, ಕಡ್ಡಿಯ ತುದಿಯಲ್ಲಿ ಒಂದೊಂದು ಗುಂಡು. ಆ ಗುಂಡಿನಿಂದಲೇ ಅದು ಕೋಶವನ್ನು ಹಿಡಿಯುವುದು. ಅವಳು ಹಳೆಯ ಗುಂಡನ್ನು ತೆಗೆದು ಹೊಸ ಹಿಡಿಕೆ ಹಾಕಿದಳು. ಗಂಟಲಿನ, ಬಾಯಿಯ ಕ್ಯಾನ್ಸರ್ ಕೋಶಗಳ ಮೈಮೇಲೆ ಒಂದು ಪ್ರೋಟೀನ್ ದಟ್ಟವಾಗಿರುತ್ತದೆ. ಹೊಸ ಹಿಡಿಕೆ ಅದನ್ನು ಮಾತ್ರ ಹಿಡಿಯುವಂಥದ್ದು. ಮೊದಲ ಹಿಡಿಕೆ ಏನನ್ನೂ ಹಿಡಿಯಲಿಲ್ಲ. ಎರಡನೆಯದು ಎಲ್ಲವನ್ನೂ ಹಿಡಿಯಿತು. ಹೀಗೆ ಬಿದ್ದು ಎದ್ದು, ಕಡೆಗೊಂದು ದಿನ ಇಲಿಯ ಯಕೃತ್ತು ಖಾಲಿಯಾಗಿಯೂ ಗಡ್ಡೆ ತುಂಬಿಯೂ ಕಂಡಾಗ, ಅವಳು ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ತಲೆಯಿಟ್ಟು ಸುಮ್ಮನೆ ಅತ್ತಿದ್ದಳು.

ಈ ಸೋಲುಗಳೆಲ್ಲ ಮನೆಮಂದಿಗೆ ತಮಾಷೆಯ ಸಾಮಾನು. ಎಲ್ಲರಿಗಿಂತ ಹೆಚ್ಚು ರೇಗಿಸುತ್ತಿದ್ದವನು ಭಾವ, ಅಕ್ಕನ ಗಂಡ. ಬಾಗಿಲಲ್ಲಿ ಗುಬ್ಬಿಯ ಚಪ್ಪಲಿ ಸದ್ದಾದರೆ ಸಾಕು, ನಿನ್ನ ನೆಗಡಿ ಮಹಾರಾಯ ದಾರಿ ಕಲಿತನೇನಮ್ಮ ಎಂದು ಒಳಗಿನಿಂದಲೇ ಶುರು. ಅವನಿಗೆ ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸ. ಹತ್ತು ಮಹಡಿ ಎತ್ತರದ ಗಾಜಿನ ಗೂಡಿನಲ್ಲಿ ಕೂತು, ಕಾಲಡಿಯ ಗಾಜಿನ ಮೂಲಕ ಕೆಳಗೆ ಬಗ್ಗಿ ನೋಡುತ್ತ, ಹಡಗಿನಿಂದ ಲಾರಿಗೆ ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಇಳಿಸುವವನು. ಕುತ್ತಿಗೆ ನೋವು ಅವನ ವೃತ್ತಿಯ ಜೊತೆಗೇ ಬಂದದ್ದು. ಹಾಗಾಗಿ ಕಿವಿಯ ಕೆಳಗೊಂದು ಗಂಟು ಬಂದಾಗ ಅದನ್ನೂ ಆ ಲೆಕ್ಕಕ್ಕೇ ಸೇರಿಸಿ ಸುಮ್ಮನಿದ್ದ. ಕಂಡುಹಿಡಿದದ್ದು ಅಕ್ಕ. ಅವಳಿಗೆ ಮನೆಯ ಕೆಳಗೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇತ್ತು. ಗಂಡನ ಅಂಗಿಗಳ ಕಾಲರ್ ಬಲಗಡೆ ಮಾತ್ರ ಜಗ್ಗಿ ಸವೆಯುತ್ತಿರುವುದನ್ನು ನೋಡಿ, ಇದೇನೆಂದು ಅವನ ಕುತ್ತಿಗೆ ಹಿಡಿದು ತಿರುಗಿಸಿದ್ದಳು.

ಮುಂದಿನದು ಈ ರೋಗ ಹೊಕ್ಕ ಎಲ್ಲ ಮನೆಗಳಲ್ಲೂ ಆಗುವಂಥದ್ದೇ. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್, ಅಲ್ಲಿಂದ ಕುತ್ತಿಗೆಗೆ. ಶಸ್ತ್ರಚಿಕಿತ್ಸೆ ಆಯಿತು, ವಿಕಿರಣ ಕೊಟ್ಟರು, ಔಷಧಿ ಇಳಿಸಿದರು. ಭಾವ ಅರ್ಧಕ್ಕೆ ಇಳಿದ. ಒಂದು ವರ್ಷ ನೆಮ್ಮದಿಯಾಗಿ ಕಳೆಯಿತು. ಆಮೇಲೆ ಅದೇ ಜಾಗದಲ್ಲಿ, ವಿಕಿರಣದಿಂದ ಚಕ್ಕಳದಂತೆ ಗಟ್ಟಿಯಾದ ಚರ್ಮದ ಅಡಿಯಲ್ಲಿ, ಗಂಟು ಮತ್ತೆ ತಲೆ ಎತ್ತಿತು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಆತುಕೊಂಡಿದೆ, ಈಗ ಚಾಕು ಹಾಕುವ ಹಾಗಿಲ್ಲ ಎಂದರು ಗಂಟಲು ಡಾಕ್ಟರು. ನಿಧಾನಕ್ಕೆ ಮಾತಾಡುವ, ಯಾರಿಗೂ ಸುಳ್ಳು ಭರವಸೆ ಕೊಡದ ಮನುಷ್ಯ ಅವರು. ಉಳಿದಿರುವುದು ಒಂದೇ ದಾರಿ, ನಮ್ಮ ಹಿಂಬದಿಯ ಕಟ್ಟಡದವರ ವೈರಸ್ ಚಿಕಿತ್ಸೆಯ ಪರೀಕ್ಷೆ ಈಗಷ್ಟೇ ಮನುಷ್ಯರ ಮೇಲೆ ಶುರುವಾಗಿದೆ, ಬೇಕಾದರೆ ನೋಡಬಹುದು ಎಂದರು. ಅದು ನನ್ನದೇ ವೈರಸ್ ಎಂದು ಹೇಳಲು ಗುಬ್ಬಿಗೆ ಬಾಯಿ ಬರಲಿಲ್ಲ. ಭಾವನೇ ಹೇಳಿದ. ಡಾಕ್ಟರು ಅವಳನ್ನು ನೋಡಿ, ಹಾಗಾದರೆ ನೀವು ಇವರ ವಿಷಯದಲ್ಲಿ ದೂರ ಇರಬೇಕಾಗುತ್ತದೆ ಎಂದರು.

ಪರೀಕ್ಷೆಗೆ ಸೇರಬೇಕಾದರೆ ಗಡ್ಡೆಯ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಮೇಲೆ ಆ ಪ್ರೋಟೀನ್ ಇರಬೇಕು. ಇಲ್ಲದಿದ್ದರೆ ವೈರಸ್ ಹಿಡಿಯುವುದಾದರೂ ಏನನ್ನು? ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿಟ್ಟಿದ್ದ ತುಣುಕಿಗೆ, ಆ ಪ್ರೋಟೀನ್ ಇದ್ದಲ್ಲಿ ಮಾತ್ರ ಕಂದಾಗುವ ಬಣ್ಣ ಹಾಕಿ ನೋಡಿದರು. ಅರ್ಧಕ್ಕೆ ಮುಟ್ಟಲಿಲ್ಲ. ಸ್ವಲ್ಪದರಲ್ಲಿ ತಪ್ಪಿತು, ಆದರೆ ತಪ್ಪಿತು. ಭಾವನನ್ನು ಸೇರಿಸಿಕೊಳ್ಳಲಾಗದು ಎಂದು ಫೋನ್ ಬಂತು.

ಗುಬ್ಬಿ ಆ ಸಂಜೆ ಅಂಗಡಿಗೆ ಹೋದಾಗ ಅಕ್ಕ ಇಸ್ತ್ರಿ ಮಾಡುತ್ತಲೇ ಇದ್ದಳು. ಆವಿ ಬುಸ್ಸೆಂದು ಏಳುತ್ತಿತ್ತು. ತಲೆಯ ಮೇಲೆ, ಸರಳಿನಲ್ಲಿ, ಪ್ಲಾಸ್ಟಿಕ್ ಹೊದ್ದ ಯಾರ ಯಾರದೋ ಕೋಟುಗಳು ಸಾಲಾಗಿ ತೂಗುತ್ತಿದ್ದವು. ಅಕ್ಕ ತಲೆ ಎತ್ತದೆ ಕೇಳಿದಳು:

"ಆ ವೈರಸ್ ಮಾಡಿದವಳು ನೀನೇ ತಾನೆ?"

"ನಾನೊಬ್ಬಳೇ ಅಲ್ಲ ಅಕ್ಕ."

"ಆ ತುಣುಕು ನೋಡಿದ್ದು ನಿನ್ನ ಸ್ನೇಹಿತೆ. ನಮ್ಮನೆಗೆ ಬಂದು ಉಂಡು ಹೋದವಳು. ಒಂದು ಮಾತು ಹೇಳೋಕಾಗಲ್ವಾ ನಿನಗೆ?"

ಗುಬ್ಬಿ ವಿವರಿಸಲು ನೋಡಿದಳು. ನಿಯಮ ಸುಮ್ಮನೆ ಇಟ್ಟದ್ದಲ್ಲ, ಹಿಡಿಯಲು ಏನೂ ಇಲ್ಲದಿದ್ದರೆ ಅದು ಮತ್ತೆ ಯಕೃತ್ತಿನ ಕಡೆಗೇ ಹೋದೀತು, ಇರುವ ನಾಲ್ಕು ತಿಂಗಳೂ ಹಾಳಾದೀತು ಎಂದಳು. ಅಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ನಾಲ್ಕು ತಿಂಗಳು ಎಂದು ನಿನಗೆ ಯಾರು ಹೇಳಿದರು ಎಂದು ಕೇಳಿದಳು. ಗುಬ್ಬಿ ನಾಲಿಗೆ ಕಚ್ಚಿಕೊಂಡಳು. ಆ ಮಾತನ್ನು ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದರು.

ಮರುದಿನ ಮಧ್ಯಾಹ್ನ ಗುಬ್ಬಿಯ ಕಾಲು ತಾನಾಗಿಯೇ ಸ್ನೇಹಿತೆಯ ಕೋಣೆಯತ್ತ ನಡೆಯಿತು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು: ಅಂಚಿನಲ್ಲಿರುವುದು ತಾನೆ, ಒಂದು ಕೂದಲೆಳೆ ಆ ಕಡೆ ಸರಿಸಿದರೆ ಯಾರಿಗೇನು ನಷ್ಟ? ಸ್ನೇಹಿತೆ ಸೂಕ್ಷ್ಮದರ್ಶಕದ ಮುಂದೆ ಕೂತು ಡಬ್ಬಿಯ ಊಟ ಮಾಡುತ್ತಿದ್ದಳು. ಗುಬ್ಬಿಯ ಮುಖ ನೋಡಿದವಳೇ ಡಬ್ಬಿ ಮುಚ್ಚಿ, ಗಾಜಿನ ಪಟ್ಟಿಯೊಂದನ್ನು ತೆಗೆದಿಟ್ಟು, ನೀನೇ ನೋಡು ಎಂದು ಪಕ್ಕಕ್ಕೆ ಸರಿದಳು.

ಗುಬ್ಬಿ ನೋಡಿದಳು. ಬಣ್ಣ ಹಿಡಿದ ಕೋಶಗಳು ಅಲ್ಲೊಂದು ಇಲ್ಲೊಂದು ಕಂದು ಗುಂಪುಗಳಾಗಿ ಇದ್ದವು. ನಡುವೆ ಬಣ್ಣವೇ ಹತ್ತದ ಬಯಲು. ಅರ್ಧದ ಹತ್ತಿರ ಎನ್ನಬಹುದಿತ್ತು, ಅರ್ಧ ಎಂದು ಯಾವ ಕಣ್ಣೂ ಹೇಳದು. ಜೋಡಿಸಿಕೊಂಡು ಬಂದಿದ್ದ ಮಾತನ್ನು ಬಿಟ್ಟು, ಗಾಜಿನ ಪಟ್ಟಿಯನ್ನು ತೆಗೆದು ಮರಳಿ ಕೊಟ್ಟಳು. ಅವಳು ಯಾಕೆ ಬಂದಿದ್ದಳೆಂದು ಸ್ನೇಹಿತೆಗೆ ತಿಳಿಯದೆ ಇರಲಿಲ್ಲ, ಆದರೂ ಕೆದಕಲಿಲ್ಲ. ಪಟ್ಟಿಯ ಮೇಲಿನ ತಾರೀಖು ನೋಡುತ್ತ, ಬೇರೇನನ್ನೋ ಯೋಚಿಸುತ್ತಿರುವವಳಂತೆ ಹೇಳಿದಳು:

"ಇದು ವಿಕಿರಣ ಕೊಡೋಕೆ ಮುಂಚಿನ ತುಣುಕು ಅಲ್ವಾ? ಈಗ ಬೆಳೆದಿರೋದು ಆಮೇಲಿನದು. ಎರಡೂ ಒಂದೇ ಥರ ಇರುತ್ತೆ ಅಂತ ಏನಿಲ್ಲ."

ಗುಬ್ಬಿಗೆ ತನ್ನ ತಲೆಗೆ ತಾನೇ ಮೊಟಕಿಕೊಳ್ಳುವಂತಾಯಿತು. ವಿಕಿರಣವನ್ನು ತಡೆದುಕೊಂಡು ಉಳಿದ ಕೋಶಗಳಲ್ಲಿ ಆ ಪ್ರೋಟೀನ್ ಹೆಚ್ಚುವುದುಂಟು. ಇಲಿಗಳಲ್ಲಿ ಅದನ್ನು ಮೊದಲು ಕಂಡವಳೇ ಅವಳು. ಬೇರೆ ಯಾರದೇ ಭಾವನಾಗಿದ್ದರೂ ಮೊದಲ ದಿನವೇ ಹೊಳೆಯುತ್ತಿತ್ತು. ಹೊಸ ತುಣುಕು ತೆಗೆದು ನೋಡಲು ನಿಯಮದಲ್ಲಿ ಅಡ್ಡಿಯಿರಲಿಲ್ಲ. ಅವಳು ಗಂಟಲು ಡಾಕ್ಟರಿಗೆ ವಿಷಯ ಮುಟ್ಟಿಸಿ, ಅಲ್ಲಿಂದ ನೇರ ಪ್ರಯೋಗಾಲಯದ ಮುಖ್ಯಸ್ಥೆಯ ಬಳಿ ಹೋಗಿ, ಭಾವನ ಚಿಕಿತ್ಸೆ ಮುಗಿಯುವವರೆಗೂ ತನ್ನನ್ನು ಈ ಪರೀಕ್ಷೆಯಿಂದ ಹೊರಗಿಡಿ ಎಂದಳು. ಮುಖ್ಯಸ್ಥೆ ಖಡಕ್ ಹೆಂಗಸು. ಇದನ್ನು ನೀನು ಹೋದ ವಾರವೇ ಹೇಳಬೇಕಿತ್ತು ಎಂದು ಗದರಿ, ವೈರಸ್ ಸೀಸೆಗಳ ಕೋಣೆಯ ಕೀಲಿಯನ್ನು ಕೈಚಾಚಿ ಇಸಿದುಕೊಂಡಳು.

ಹೊಸ ತುಣುಕಿಗೆ ಭಾವ ಒಪ್ಪಬೇಕಿತ್ತು. ಚಕ್ಕಳಗಟ್ಟಿದ ಕುತ್ತಿಗೆಗೆ ದಪ್ಪ ಸೂಜಿ ಚುಚ್ಚುವುದು ಸಣ್ಣ ನೋವಲ್ಲ. ಅಡುಗೆಮನೆಯ ಮೇಜಿನ ಎದುರು ಕೂತು ಗುಬ್ಬಿ ಎಲ್ಲವನ್ನೂ ಬಿಡಿಸಿ ಹೇಳಿದಳು, ನಾಲ್ಕು ತಿಂಗಳ ಮಾತನ್ನೂ. ಭಾವ ಕೇಳಿಸಿಕೊಂಡ. ಅವನ ದನಿ ಆಗಲೇ ಒಡೆದು ಕರಕರ ಎನ್ನುತ್ತಿತ್ತು.

"ನೋಡು ಗುಬ್ಬಿ, ಗಾಳಿ ಜಾಸ್ತಿಯಾದ್ರೆ ನಾವು ಪೆಟ್ಟಿಗೆ ಎತ್ತಲ್ಲ. ಆದ್ರೆ ಎತ್ತಿದ್ದು ಮಧ್ಯದಲ್ಲಿರುವಾಗ ಗಾಳಿ ಬಂದ್ರೆ? ಕೈ ಬಿಡೋಕಾಗಲ್ಲ. ನಿಧಾನವಾಗಿ ಇಳಿಸ್ಲೇಬೇಕು." ಸ್ವಲ್ಪ ಉಸಿರು ತೆಗೆದುಕೊಂಡ. "ನನ್ನ ಮೈಯಲ್ಲಿ ಏನಾದ್ರೂ ಕೆಟ್ಟದಾಯ್ತು ಅಂದ್ರೆ ಅದನ್ನ ನೀನು ತಲೆ ಮೇಲೆ ಹೊತ್ಕೋಬಾರ್ದು. ಹಾಗಂತ ಮಾತು ಕೊಟ್ರೆ ಮಾತ್ರ ಬರ್ತೀನಿ."

ಅವಳು ಮಾತು ಕೊಟ್ಟಳು. ಉಳಿಸಿಕೊಳ್ಳಲಾಗದ ಮಾತು ಅದು ಎಂದು ಇಬ್ಬರಿಗೂ ಗೊತ್ತಿತ್ತು.

ಹೊಸ ತುಣುಕು ಕಂದಾಯಿತು. ಪೂರ್ತಿಯಲ್ಲ, ಅಂಚುಗಳಲ್ಲಿ ಬಿಳುಪು ಉಳಿದಿತ್ತು, ಆದರೆ ಅರ್ಧವನ್ನು ಮೀರಿತ್ತು. ಈ ಸಲ ಸ್ನೇಹಿತೆಯಲ್ಲದೆ ಇನ್ನಿಬ್ಬರೂ ನೋಡಿ ಒಪ್ಪಿದರು. ಭಾವನನ್ನು ಸೇರಿಸಿಕೊಂಡರು.

ಚುಚ್ಚುಮದ್ದು ಕೊಟ್ಟ ದಿನ ಗುಬ್ಬಿಯನ್ನು ಒಳಗೆ ಬಿಡಲಿಲ್ಲ. ಹೊರಗಿನ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತಿದ್ದಳು. ಗಾಜಿನ ಬಾಗಿಲಿನಾಚೆ, ಮೈತುಂಬ ಮುಚ್ಚಿಕೊಂಡ ದಾದಿ ಮಂಜಿನ ಹೊಗೆಯೇಳುವ ಪೆಟ್ಟಿಗೆಯಿಂದ ಹೆಬ್ಬೆರಳಿನಷ್ಟು ಸೀಸೆಯನ್ನು ಎತ್ತುವುದು ಕಂಡಿತು. ಇಷ್ಟು ವರ್ಷ ಅಂಥ ಸೀಸೆಗಳನ್ನು ಎಷ್ಟು ತುಂಬಿಸಿದ್ದಳೋ. ಅದು ಸೂಜಿಗೆ ಏರಿ ಮನುಷ್ಯನ ಮೈಗೆ ಹೋಗುವುದನ್ನು ಒಮ್ಮೆಯೂ ನೋಡಿರಲಿಲ್ಲ. ಈಗಲೂ ನೋಡಲಾಗಲಿಲ್ಲ. ನೆಲದ ಹಂಚು ನೋಡುತ್ತ ಕೂತಳು.

ಮೊದಲು ಜ್ವರ ಬಂತು. ಬರುತ್ತದೆಂದು ಗೊತ್ತಿದ್ದದ್ದೇ, ಆದರೂ ಹಲ್ಲು ಕಟಕಟ ಎನ್ನುವ ಚಳಿಯಲ್ಲಿ ಭಾವ ನಡುಗುವುದನ್ನು ನೋಡುವುದು ಬೇರೆ. ನಿನ್ನ ಮಹಾರಾಯ ಸರಿಯಾಗಿ ನೆಗಡಿಯನ್ನಾದರೂ ತಂದ ಎಂದು ಅವನು ಕಂಬಳಿಯೊಳಗಿಂದ ರೇಗಿಸಿದ. ಆಮೇಲೆ ರಕ್ತ ಪರೀಕ್ಷೆಯಲ್ಲಿ ಯಕೃತ್ತಿನ ಅಂಕಿಗಳು ಏರಿದವು. ಡಾಕ್ಟರು ಅದನ್ನು ಅಕ್ಕನಿಗೆ ಸಮಾಧಾನವಾಗಿಯೇ ಹೇಳಿದರು. ಪಕ್ಕದಲ್ಲಿದ್ದ ಗುಬ್ಬಿಗೆ ಹೊಳೆದದ್ದು ಒಂದೇ. ಹಳೆಯ ಚಾಳಿ. ಇಲಿಗಳಲ್ಲಿ ಬಿಟ್ಟದ್ದನ್ನು ಮನುಷ್ಯರಲ್ಲಿ ಬಿಡಲಿಲ್ಲವೇನೋ. ಅವಳು ಪ್ರಯೋಗಾಲಯಕ್ಕೆ ಹೋಗಿ, ಮಾಡಲು ಏನೂ ಇಲ್ಲದೆ, ತೊಳೆದಿಟ್ಟ ಗಾಜಿನ ಪಾತ್ರೆಗಳನ್ನೇ ಮತ್ತೆ ತೊಳೆದಳು. ಕೈಕೆಳಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಕಿ ಇನ್ನೂ ಸ್ವಲ್ಪ ಏರಿ, ಅಲ್ಲೇ ನಿಂತು, ವಾರ ತುಂಬುವ ಹೊತ್ತಿಗೆ ತಾನಾಗಿ ಇಳಿಯಿತು. ಹೋದ ಜೀವ ಬಂದಂತಾಯಿತು.

ಆದರೆ ಗಂಟು ಇಳಿಯಲಿಲ್ಲ. ಮಾತ್ರೆ ಶುರುಮಾಡಿದ ಮೇಲೆ ಅದು ಊದಿತು. ಮೊದಲು ನಿಂಬೆಯಷ್ಟಿದ್ದದ್ದು ಕಿತ್ತಳೆಯಷ್ಟಾಗಿ, ಕೆಂಪಗೆ ಬಿಸಿಯಾಗಿ, ಭಾವನಿಗೆ ತಲೆ ತಿರುಗಿಸಲು ಆಗದಂತಾಯಿತು. ನೀರು ನುಂಗುವುದಕ್ಕೂ ಮುಖ ಕಿವುಚುತ್ತಿದ್ದ. ಒಳಗೆ ಕೋಶಗಳು ಸತ್ತು ಮೈಯ ಕಾವಲು ಕೋಶಗಳು ಮುತ್ತಿದರೂ ಹೀಗೇ ಊದುತ್ತದೆ. ಕ್ಯಾನ್ಸರ್ ಬೆಳೆದರೂ ಹೀಗೇ ಊದುತ್ತದೆ. ಹೊರಗಿನಿಂದ ನೋಡಿ ಯಾವುದೆಂದು ಹೇಳಲು ಬರುವುದಿಲ್ಲ. ಕಾಯೋಣ ಎಂದರು ಡಾಕ್ಟರು.

ಅಕ್ಕನಿಗೆ ಕಾಯುವ ಶಕ್ತಿ ಮುಗಿದಿತ್ತು. ಆಸ್ಪತ್ರೆಯ ಮೆಟ್ಟಿಲ ಬಳಿ ಗುಬ್ಬಿಯನ್ನು ನಿಲ್ಲಿಸಿಕೊಂಡು, ದನಿ ಏರಿಸದೆ ಕೇಳಿದಳು:

"ನಿನ್ನ ಇಲಿ ಮುಗಿದು ಹೋಗಿದ್ವಾ? ನನ್ನ ಗಂಡನೇ ಬೇಕಾಗಿತ್ತಾ ನಿನಗೆ?"

ಕೂಗಾಡಿದ್ದರೆ ಗುಬ್ಬಿಯೂ ನಾಲ್ಕು ಮಾತಾಡುತ್ತಿದ್ದಳು. ಆ ತಣ್ಣನೆಯ ದನಿಗೆ ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದಳು. ಆವತ್ತಿನಿಂದ ಅಕ್ಕ ಅವಳ ಫೋನ್ ಎತ್ತಲಿಲ್ಲ. ಅಂಗಡಿಗೆ ಹೋದರೆ, ಗಿರಾಕಿಯೊಡನೆ ಮಾತಾಡಿದಂತೆ, ಏನು ಬೇಕಿತ್ತು ಎಂದಳು. ಗುಬ್ಬಿ ವಾಪಸ್ಸು ಬಂದಳು. ಭಾವನನ್ನು ನೋಡಲು, ಅಕ್ಕ ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡು ಹೋಗುತ್ತಿದ್ದಳು. ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ಅವಳ ಕೈಯನ್ನು ಎರಡು ಸಲ ತಟ್ಟಿ ಬಿಡುತ್ತಿದ್ದ.

ಕಡೆಗೆ ಡಾಕ್ಟರು ಊದಿದ ಗಂಟಿಗೆ ಸೂಜಿ ಹಾಕಿ ಮತ್ತೊಂದು ತುಣುಕು ತೆಗೆದರು. ಅದರ ಫಲಿತಾಂಶವನ್ನು ಗುಬ್ಬಿಗೆ ಯಾರೂ ಹೇಳುವ ಹಾಗಿರಲಿಲ್ಲ. ಮನೆಯವರಿಗೆ ತಿಳಿದ ಮೇಲೆಯೇ ಅವಳಿಗೆ. ಹಾಗಾಗಿ ಆ ಸುದ್ದಿ ಅವಳಿಗೆ ಬಂದದ್ದು ಅಕ್ಕನಿಂದ. ಅಕ್ಕ ಮೊದಲ ಸಲ ಪ್ರಯೋಗಾಲಯದ ಮಹಡಿಗೆ ಹತ್ತಿ ಬಂದಿದ್ದಳು, ಅಂಗಡಿಯ ನಿಲುವಂಗಿಯಲ್ಲೇ, ಕೈಯಲ್ಲಿ ಬಟ್ಟೆಗೆ ಸಿಕ್ಕಿಸುವ ಪಿನ್ನುಗಳ ಡಬ್ಬಿ ಹಿಡಿದುಕೊಂಡೇ. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು.

"ಎಲ್ಲಾ ಸತ್ತಿದೆಯಂತೆ ಕಣೇ," ಎಂದಳು. "ಒಳಗೆ ಇರೋದೆಲ್ಲಾ ಬರೀ ಹೆಣಗಳಂತೆ. ಮೈಯಲ್ಲಿರೋ ಒಳ್ಳೇ ಕೋಶಗಳು ಬಂದು ಮುತ್ಕೊಂಡು ತಿಂತಾ ಇವೆಯಂತೆ. ಅದಕ್ಕೇ ಊದಿದ್ದಂತೆ."

ಹೇಳಿ ಮುಗಿಸುವ ಮೊದಲೇ ಅವಳ ಕೈಯಿಂದ ಡಬ್ಬಿ ಜಾರಿ ಪಿನ್ನುಗಳೆಲ್ಲ ನೆಲದ ಮೇಲೆ ಚೆಲ್ಲಿದವು. ಅಕ್ಕತಂಗಿಯರಿಬ್ಬರೂ ಮಂಡಿಯೂರಿ ಅವನ್ನು ಹೆಕ್ಕತೊಡಗಿದರು. ಹೆಕ್ಕುತ್ತ ಹೆಕ್ಕುತ್ತ ಅಕ್ಕ, ಆವತ್ತು ಮೆಟ್ಟಿಲ ಹತ್ತಿರ ನಾನು ಆಡಿದ್ದು, ಎಂದು ಶುರುಮಾಡಿದಳು. ಗುಬ್ಬಿ, ಅಲ್ಲಿ ಮೇಜಿನ ಕೆಳಗೆ ಇನ್ನೂ ಇವೆ ನೋಡು ಎಂದಳು. ಅಷ್ಟಕ್ಕೆ ಆ ಮಾತು ನಿಂತಿತು.

ಊತ ಇಳಿಯಿತು. ಗಂಟು ಮೆತ್ತಗಾಗಿ, ಕುಗ್ಗುತ್ತ ಬಂತು. ಪೂರ್ತಿ ಮಾಯವಾಯಿತು ಎಂದರೆ ಸುಳ್ಳು. ಆಳದಲ್ಲಿ ಒಂದು ಕಾಳಿನಷ್ಟು ಉಳಿಯಿತು. ಬಣ್ಣ ಹತ್ತದೆ ಬಿಳುಪಾಗಿ ಉಳಿದಿದ್ದ ಕೋಶಗಳೇ ಅವು, ಹೊಸ ಹಿಡಿಕೆಗೆ ಸಿಗದವು. ಆದರೆ ಅದು ರಕ್ತನಾಳವನ್ನು ಬಿಟ್ಟು ಸರಿದಿತ್ತು. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ ಗಂಟಲು ಡಾಕ್ಟರು, ಭರವಸೆ ಕೊಡದ ಆ ಮನುಷ್ಯ, ಇನ್ನು ಇದನ್ನು ನಾನು ತೆಗೆಯಬಲ್ಲೆ ಎಂದರು. ತೆಗೆದರು. ಆಮೇಲಿನ ಪ್ರತಿ ಪರೀಕ್ಷೆಯಲ್ಲೂ ಇಲ್ಲಿಯವರೆಗೆ ಏನೂ ಕಂಡಿಲ್ಲ. ಭಾವ ಮತ್ತೆ ಗಾಜಿನ ಗೂಡಿಗೆ ಹತ್ತಲಿಲ್ಲ, ಕುತ್ತಿಗೆ ಅಷ್ಟು ಬಾಗುವುದಿಲ್ಲ. ಬಂದರಿನವರು ಅವನನ್ನು ಹೊಸ ಕ್ರೇನ್ ಚಾಲಕರಿಗೆ ಪಾಠ ಹೇಳಲು ಹಾಕಿದರು. ಮನೆಗೆ ಬಂದು, ಇವತ್ತು ಬಂದವರಿಗೆ ಎಡ ಬಲ ತಿಳಿಯುವುದಿಲ್ಲ, ನಿನ್ನ ವೈರಸ್ಸೇ ವಾಸಿ ಎಂದು ಕರಕರ ದನಿಯಲ್ಲಿ ದೂರುತ್ತಾನೆ.

ಪರೀಕ್ಷೆಗೆ ಸೇರಿದ ಎಲ್ಲರಿಗೂ ಹೀಗಾಗಲಿಲ್ಲ. ಕೆಲವರಿಗೆ ಗುಣ ಕಂಡಿತು, ಕೆಲವರಿಗೆ ಏನೂ ಆಗಲಿಲ್ಲ. ಒಬ್ಬ ಶಾಲಾ ಮಾಸ್ತರು ತೀರಿಕೊಂಡರು. ಗುಬ್ಬಿ ಅವರನ್ನು ನೋಡಿರಲಿಲ್ಲ, ಆದರೂ ಆವತ್ತು ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದಳು. ಮುಖ್ಯಸ್ಥೆ ಕೀಲಿ ವಾಪಸ್ಸು ಕೊಟ್ಟ ದಿನವೇ ಅವಳು ಬಿಳುಪಾಗಿ ಉಳಿದ ಕೋಶಗಳ ಬೆನ್ನು ಹತ್ತಿದಳು. ಅವುಗಳ ಮೈಮೇಲೂ ಹಿಡಿಯಲು ಏನೋ ಇರಲೇಬೇಕು. ಈಗ ಎರಡು ಹಿಡಿಕೆಗಳ ವೈರಸ್ ಮಾಡುತ್ತಿದ್ದಾಳೆ. ಸದ್ಯಕ್ಕೆ ಒಂದು ಕೈ ಹಿಡಿದರೆ ಇನ್ನೊಂದು ಬಿಡುತ್ತದೆ.

ಮೊನ್ನೆ ಭಾವನ ತಪಾಸಣೆಯಿತ್ತು. ಗುಬ್ಬಿ ಊಟದ ಬಿಡುವಿನಲ್ಲಿ ಇಳಿದು ಹೋದಾಗ, ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಒತ್ತಿ ಹಿಡಿದು ಕೂತಿದ್ದಳು. ಅವಳ ತಾಯಿಗೆ ಅದೇ ಚುಚ್ಚುಮದ್ದು ಆಗಿ, ದವಡೆಯ ಗಂಟು ಊದಿಕೊಂಡಿತ್ತಂತೆ. ಅಕ್ಕ ಅವಳ ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟಿದ್ದಳು. ನಮ್ಮವರಿಗೂ ಊದಿತ್ತು, ನಿಮ್ಮ ತಾಯಿಯದು ಯಾವ ಊತ ಎಂದು ನನಗೆ ಗೊತ್ತಿಲ್ಲ, ಡಾಕ್ಟರು ಸೂಜಿ ಹಾಕಿ ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಅಲ್ಲಿಯವರೆಗೆ ನೀವು ಮಾತ್ರ ಊಟ ಬಿಡಬೇಡಿ ಎಂದಳು. ಆಮೇಲೆ ವೈರಸ್ಸಿಗೆ ಎಂಟು ಕೈಗಳಿರುತ್ತವೆ, ಒಂದೊಂದು ಕೈಯಲ್ಲೂ ಒಂದೊಂದು ಮಾತ್ರೆ ಹಿಡಿದುಕೊಂಡು ಹೋಗುತ್ತದೆ ಎಂದೆಲ್ಲ ವಿವರಿಸತೊಡಗಿದಳು. ಹೇಳಿದ್ದರಲ್ಲಿ ಅರ್ಧಕ್ಕರ್ಧ ತಪ್ಪು. ಗುಬ್ಬಿ ಬಾಯಿ ತೆರೆದವಳು, ಆ ಹೆಂಗಸು ಸೆರಗನ್ನು ಇಳಿಸಿ ಕಿವಿಗೊಟ್ಟು ಕೇಳುತ್ತಿರುವುದನ್ನು ನೋಡಿ ಮುಚ್ಚಿಕೊಂಡಳು.

"ನಿಮಗೆ ಇದೆಲ್ಲಾ ಹೇಗೆ ಗೊತ್ತು?" ಎಂದು ಆ ಹೆಂಗಸು ಕೇಳಿದಳು.

"ಮಾಡಿದವಳು ನನ್ನ ತಂಗಿ. ಅಗೋ, ಅಲ್ಲಿ ನಿಂತಿದಾಳಲ್ಲ, ಅವಳೇ," ಎಂದಳು ಅಕ್ಕ. ಮತ್ತೆ ದನಿ ತಗ್ಗಿಸಿ, "ಅವಳನ್ನ ಮಾತ್ರ ಕೇಳೋಕೆ ಹೋಗ್ಬೇಡಿ. ಅವಳು ಹೇಳಿದ್ರೆ ಒಂದಕ್ಷರನೂ ಅರ್ಥ ಆಗಲ್ಲ."